ಹಿನ್ನೀರಿನ ದಂಡೆಯಲ್ಲಿ ಲತಾ ಕಾಯ್ದ ಬೆಂಕಿ

ಜನವರಿಯ ಒಂದು ಶನಿವಾರ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಮೂರೂವರೆಗೆ ಹೆಬ್ಬಾಳದಿಂದ ಬೈಕಿನಲ್ಲಿ ಹೊರಟೆವು. ಹಿಂದೆ ಹೆಂಡತಿ ಲತಾ, ಅವಳ ಬೆನ್ನಿಗೆ ಬಾಡಿಗೆಯ ಟೆಂಟು. ಇಲವಾಲದಲ್ಲಿ ವಡೆ ತಿಂದು, ಟೀ ಕುಡಿದು ಅಣೆಕಟ್ಟೆಯ ಹಿನ್ನೀರಿನ ಕಡೆಗೆ ತಿರುಗಿದೆವು. ಒಟ್ಟು ಇಪ್ಪತ್ತು ಕಿಲೋಮೀಟರ್ ಆದೀತು, ಕೊನೆಯದೆಲ್ಲ ಮಣ್ಣುದಾರಿ.

ನಾವು ಟೆಂಟು ಹಾಕಲಿದ್ದ ಹೊಲ ನನ್ನ ಜೊತೆ ದುಡಿಯುವ ಮಹದೇವನದು. ಅವನಿಗೆ ಬಿಡುವಿರಲಿಲ್ಲ, ತನ್ನ ತಾಯಿ ಚಿಕ್ಕತಾಯಮ್ಮ ಅಲ್ಲೇ ಗುಡಿಸಲಲ್ಲಿ ಇರುತ್ತಾರೆ ಎಂದಿದ್ದ. ಬೆಂಕಿ ಹಾಕಿಕೊಂಡು ಕೂರುವ ಆಸೆ ನನ್ನದು. ಲತಾ ಒಪ್ಪಿದ್ದೇ ಹೆಚ್ಚು. ಎರಡು ವರ್ಷದ ಹಿಂದೆ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಅವಳ ಎಡಗೈ ಸುಟ್ಟಿತ್ತು. ಆಮೇಲೆ ಅವಳು ಕಡ್ಡಿ ಗೀರಿದ್ದನ್ನು ನಾನು ನೋಡಿರಲಿಲ್ಲ.

"ನಾನು ದೂರ ಕೂತಿರ್ತೀನಿ ಕಣ್ರೀ," ಎಂದಷ್ಟೇ ಹೇಳಿದ್ದಳು.

ರಾಗಿ ಕೊಯ್ದ ಹೊಲ, ಅಂಚಿನಲ್ಲೆಲ್ಲ ಒಣಹುಲ್ಲು. ನಾನು ಟೆಂಟಿನ ಪಕ್ಕದಲ್ಲೇ ಸೌದೆ ಒಟ್ಟಿ, ಬಾಟಲಿಯಲ್ಲಿ ತಂದಿದ್ದ ಪೆಟ್ರೋಲ್ ತೆಗೆದೆ. ಗುದ್ದಲಿ ಹಿಡಿದು ಬಂದ ಚಿಕ್ಕತಾಯಮ್ಮ, "ಅದ್ನ ಬೈಕ್‌ಗೆ ಉಯ್ಯಪ್ಪ," ಎಂದರು. "ಬೆಂಕಿಗೆ ಉಯ್ದೋರು ಮೀಸೆ ಉಳಿಸ್ಕಂಡಿಲ್ಲ."

ಟೆಂಟಿನಿಂದ ಇಪ್ಪತ್ತು ಹೆಜ್ಜೆ ಆಚೆಗೆ ಹುಲ್ಲು ಕೆತ್ತಿಸಿ, ಬರಿ ಮಣ್ಣು ಕಂಡ ಮೇಲೆ ಗೇಣು ಆಳದ ಗುಳಿ ತೋಡಿಸಿದರು. ನಾನು ನೀರಂಚಿನಿಂದ ನುಣುಪಾದ ಕಲ್ಲು ತಂದರೆ ಬೇಡವೆಂದರು. "ನೀರಲ್ಲಿದ್ದ ಕಲ್ಲು ಕಾದ್ರೆ ಸಿಡೀತದೆ. ಹೊಲದ್ ಕಲ್ಲು ತಕ್ಕ ಬಾ."

ಆಮೇಲೆ ಲತಾಳ ಕೈಯ ಕಲೆ ನೋಡಿದರು. ಎರಡು ಬಿಂದಿಗೆ ನೀರು, ಒಂದು ನೆನೆಸಿದ ಗೋಣಿಚೀಲ ತಂದಿಟ್ಟು, "ಗಾಳಿಗೆ ಬೆನ್ ಕೊಟ್ಟು ಇಲ್ಲೇ ಕೂತ್ಕೊ ಕಣವ್ವ. ನೀರು ನಿನ್ ಪಾಲಿಂದು," ಎಂದರು. ಲತಾ ಕೂತಳು.

ಬೆಂಕಿ ಮೊಣಕಾಲೆತ್ತರಕ್ಕೆ ಉರಿಯಿತು. ಕೆಂಡದಲ್ಲಿ ಗೆಣಸು ಹೂತು, ಚಿಕ್ಕತಾಯಮ್ಮ ಉಪ್ಪು ತರಲು ಗುಡಿಸಲಿಗೆ ಹೋದರು. ಅಷ್ಟರಲ್ಲಿ ನೀರಿನ ಕಡೆಯಿಂದ ಗಾಳಿ ಎದ್ದಿತು. ಚಳಿಯಾಯಿತೆಂದು ನಾನು ದೊಡ್ಡ ಕೊರಡೊಂದನ್ನು ಎತ್ತಿಹಾಕಿದೆ. ಕಿಡಿಗಳು ಹಾರಿ, ಕೆತ್ತಿದ ಜಾಗ ದಾಟಿ ಒಣಹುಲ್ಲಿನ ಮೇಲೆ ಬಿದ್ದವು. ನೋಡನೋಡುತ್ತಲೇ ಮೊಳದುದ್ದದ ಜ್ವಾಲೆ.

ಲತಾ ಆಗಲೇ ಬಿಂದಿಗೆ ಎತ್ತಿಕೊಂಡು ಓಡಿದ್ದಳು. ಸುರಿದಳು, ಉಳಿದುದನ್ನು ಗೋಣಿಯಿಂದ ಬಡಿದಳು. ಎರಡನೆಯ ಬಿಂದಿಗೆ ನಾನು ಒಯ್ಯುವ ಹೊತ್ತಿಗೆ ಹೊಗೆ ಮಾತ್ರ ಇತ್ತು. "ತಪ್ಪು ನಂದು," ಎಂದೆ. "ಅದು ಆಮೇಲೆ. ಮೊದಲು ಬಿಂದಿಗೆ ತುಂಬಿಸ್ಕೊಂಡು ಬನ್ನಿ," ಎಂದಳು.

ಓಡಿಬಂದ ಚಿಕ್ಕತಾಯಮ್ಮ ನನ್ನನ್ನು ಬೈದರು: "ಗಾಳಿ ಎದ್ರೆ ಬೆಂಕಿ ಕುಗ್ಗಿಸ್ಬೇಕಪ್ಪ, ಬೆಳೆಸೋದಲ್ಲ." ಲತಾಳ ಬೆನ್ನು ಸವರಿದರು. "ಭಯ ಇರೋರೇ ಬೆಂಕಿ ಕಾಯ್ಬೇಕು ಕಣವ್ವ. ನೀನಿದ್ದೆ, ಹೊಲ ಉಳೀತು."

ಗೆಣಸು ತಿಂದೆವು. ಮಲಗುವ ಮುಂಚೆ ಬೆಂಕಿ ಆರಿಸಿದವಳು ಲತಾ. ನೀರು ಹಾಕಿ, ಕೋಲಿನಿಂದ ಕಲಕಿ, ಮತ್ತೆ ನೀರು ಹಾಕಿ, ಎಡಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿದಳು. "ಇನ್ನೂ ಬೆಚ್ಚಗಿದೆ," ಎಂದು ಮೂರನೆಯ ಸಲ ಸುರಿದಳು.

ಬೆಳಿಗ್ಗೆ ಮಂಜಿನಲ್ಲಿ ಚಿಕ್ಕತಾಯಮ್ಮ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ಕಳಿಸಿದರು. ಆ ತಾಯಿಗೆ ಕೈಮುಗಿದೆ. ಹೊಲದ ಅಂಚು ದಾಟುವಾಗ ಲತಾ ಬೈಕ್ ನಿಲ್ಲಿಸಲು ಹೇಳಿದಳು. ಇಬ್ಬರೂ ತಿರುಗಿ ನೋಡಿದೆವು. ಹೊರಡುವ ಮುಂಚೆ ನಾನೇ ಗುಳಿ ಮುಚ್ಚಿದ್ದೆ; ಮಂಜಿನಲ್ಲಿ ಬೆಂಕಿ ಇದ್ದ ಜಾಗ ಯಾವುದೆಂದೇ ಗೊತ್ತಾಗಲಿಲ್ಲ.