ಗಂಟಲು ಡಾಕ್ಟರ ಕಿವಿ

ಗಂಟಲು ಡಾಕ್ಟರು ಯಾವ ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಅವರು ವಾಸಿ ಮಾಡುತ್ತಿದ್ದುದು ಸ್ಪೀಕರುಗಳ ಗಂಟಲು. ಗೊರಗೊರ ಕೆಮ್ಮುತ್ತ ಬಂದ ಪೆಟ್ಟಿಗೆ ಅವರ ಮೇಜಿನಿಂದ ಇಳಿಯುವಾಗ ಜೇನಿನಲ್ಲಿ ಅದ್ದಿ ತೆಗೆದಂತೆ ಹಾಡುತ್ತಿತ್ತು. ಅದಕ್ಕೇ ಬೀದಿಯವರು ಈ ಹೆಸರು ಇಟ್ಟರು. ಒಮ್ಮೆ ಯಾರೋ ಪರವೂರಿನ ಮನುಷ್ಯ ನಿಜವಾದ ಗಂಟಲುನೋವು ಹೊತ್ತು ಬಂದು ಬೆಂಚಿನ ಮೇಲೆ ಬಾಯಿ ತೆರೆದು ಕೂತನಂತೆ. ಡಾಕ್ಟರು ಸ್ಪೀಕರಿಗೆ ಬಿಡುವಂತೆ ಟಾರ್ಚು ಬಿಟ್ಟು ನೋಡಿ, "ಕೋನ್ ಚೆನ್ನಾಗಿದೆ, ಅಂಚು ಸ್ವಲ್ಪ ಊದಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ" ಅಂದರಂತೆ. ಅವನಿಗೆ ವಾಸಿಯಾದದ್ದಷ್ಟೇ ಅಲ್ಲ, ಅಲ್ಲಿಯವರೆಗೆ ಶಿಳ್ಳೆಯನ್ನೂ ಹೊಡೆಯಲು ಬಾರದವನು ಹಾಡುವುದಕ್ಕೇ ಶುರುಮಾಡಿದನೆಂದು ಬೀದಿಯ ಕೊನೆಯ ಮನೆಯವರು ಇವತ್ತಿಗೂ ಆಣೆ ಇಟ್ಟು ಹೇಳುತ್ತಾರೆ.

ಡಾಕ್ಟರ ಕಾರ್ಖಾನೆ ಎಂದರೆ ಮನೆಯ ಮುಂದಿನ ಕೋಣೆ. ಅದಕ್ಕೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಹೆಂಡತಿ. ಆಕೆಯ ಕಿವಿಯ ವಿಚಾರ ಹೇಳಿದರೆ ನಂಬುವುದು ಕಷ್ಟ. ಮೂರನೆಯ ಮನೆಯ ಒಲೆಯ ಮೇಲೆ ಹಾಲು ಇನ್ನೂ ಉಕ್ಕಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಈಕೆ ಇಲ್ಲಿಂದ "ಹಾಲು ನೋಡ್ರೀ!" ಎಂದು ಕೂಗಿಬಿಡುತ್ತಿದ್ದರು. ಡಾಕ್ಟರಿಗೆ ಸಕ್ಕರೆ ಕಾಯಿಲೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಒಳಗಿಂದ ಫೆಲ್ಟ್ ಎಂಬ ಮೆತ್ತನೆ ಉಣ್ಣೆಬಟ್ಟೆ ಅಂಟಿಸಿ, ಉಸಿರು ಬಿಗಿಹಿಡಿದು, ಮಗುವಿನ ರೆಪ್ಪೆ ಬಿಡಿಸುವಷ್ಟು ಮೆತ್ತಗೆ ತೆಗೆದರೂ ಹಿತ್ತಲಿನಿಂದ "ಒಂದೇ ಸಾಕು!" ಎಂಬ ಅಪ್ಪಣೆ ಬರುತ್ತಿತ್ತು.

ಇಂಥ ಕಿವಿಯ ಪಕ್ಕದಲ್ಲಿ ಕೂತು ಸ್ಪೀಕರು ಪರೀಕ್ಷೆ ಮಾಡುವುದೆಂದರೆ ಸುಮ್ಮನೆ ಅಲ್ಲ. ಹಾಡು ಶುರುವಾದ ಮರುಕ್ಷಣವೇ ಗೋಡೆಯಾಚೆಯಿಂದ "ಕಡಿಮೆ ಮಾಡ್ರೀ!" ಎಂಬ ಕೂಗು. ಡಾಕ್ಟರು "ಆಯ್ತು ಮಾರಾಯ್ತಿ" ಎಂದು ಗೊಣಗಿ ಕೈಗೆ ಸಿಕ್ಕ ತಿರುಪನ್ನು ಇಷ್ಟು ತಿರುಗಿಸುವುದು. ಮತ್ತೆ ಕೂಗು. ಮತ್ತೆ ಇಷ್ಟು. ಕೂಗು ನಿಂತ ಮೇಲೆ, ಸದ್ಯ ಪಾರಾದೆ ಎಂದುಕೊಂಡು ಪೆಟ್ಟಿಗೆಯನ್ನು ಗಿರಾಕಿಗೆ ಕೊಟ್ಟು ಕಳಿಸುವುದು. ಮದುವೆಯಾದಂದಿನಿಂದ ಇದೇ ನಡೆದು ಬಂದಿತ್ತು. ಡಾಕ್ಟರು ಇದನ್ನು ಸಂಸಾರದ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಕೆಲವು ವರ್ಷಗಳಿಂದ ಅವರಿಗೊಂದು ಗುಟ್ಟಿನ ಕಷ್ಟ ಶುರುವಾಗಿತ್ತು. ಕಿವಿಯಿಂದ ಸಣ್ಣ ದನಿಗಳು ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗುತ್ತಿದ್ದವು. ಮೊದಲು ಜೀರುಂಡೆ ಹೋಯಿತು. ಪೀಡೆ ತೊಲಗಿತು ಎಂದು ಸಂತೋಷಪಟ್ಟರು. ಆಮೇಲೆ ತಂತಿಯ ಮೇಲೆ ಕೂತ ಹಕ್ಕಿಗಳು ಕೊಕ್ಕು ತೆರೆದು ಮುಚ್ಚುವುದಷ್ಟೇ ಕಾಣತೊಡಗಿತು. ದಪ್ಪ ದನಿಗೇನೂ ಮೋಸವಿರಲಿಲ್ಲ. ಅದನ್ನು ಅವರು ಬೆರಳ ತುದಿಯಲ್ಲೇ ಕೇಳಬಲ್ಲರು. ಆದರೆ ಮೇಲಿನ ದನಿ ಕೇಳದ ಗಂಟಲು ಡಾಕ್ಟರ ಹತ್ತಿರ ಯಾರು ತಾನೇ ಪೆಟ್ಟಿಗೆ ತರುತ್ತಾರೆ? ಕೆಲಸ ಬಿಟ್ಟು ಜಗಲಿಯ ಮೇಲೆ ಕೈಕಟ್ಟಿ ಕೂರುವುದು ಅವರಿಂದ ಆಗದ ಮಾತು. ಹಾಗಾಗಿ ಯಾರಿಗೂ ಹೇಳಲಿಲ್ಲ. ಹೆಂಡತಿಗಂತೂ ಬಾಯಿಯೇ ಬಿಡಲಿಲ್ಲ.

ಹೀಗಿರುವಾಗ ಹೆಂಡತಿಯ ಅಣ್ಣ ಒಂದು ಜೋಡಿ ಸ್ಪೀಕರನ್ನು ತಳ್ಳುಗಾಡಿಯ ಮೇಲೆ ಹೇರಿಕೊಂಡು ಬಂದರು. ಅವರದು ಅಪ್ಪನಿಂದ ಬಂದ ಕ್ಷೌರದಂಗಡಿ. ಜೊತೆಗೆ ಅವರ ಮಗ. ಅಂಗಡಿಗೆ ಹೊಸ ಬಣ್ಣ ಹೊಡೆಸುತ್ತಿದ್ದವನು ಅವನೇ.

"ಭಾವ, ಇದು ಅಪ್ಪನ ಜೋಡಿ" ಅಂದರು ಕ್ಷೌರಿಕರು. "ಒಂದು ಕೆಮ್ಮುತ್ತೆ, ಇನ್ನೊಂದು ಉಸಿರೇ ಬಿಡಲ್ಲ. ನನ್ನ ಮಗ ಗುಜರಿಗೆ ಹಾಕ್ತೀನಿ ಅಂತ ಕುಣೀತಾನೆ."

"ಹಾಡಿದ್ರೆ ಇಟ್ಕೋತೀನಿ ಮಾವ, ನಂದೇನು ಹಟ ಇಲ್ಲ" ಅಂದ ಮಗ. "ಹಾಡ್ಲಿಲ್ಲ ಅಂದ್ರೆ ಗೋಡೆಗೆ ದೀಪ ಮಿಣುಕೋ ಅಂಥ ಹೊಸ ಸ್ಪೀಕರು ಎರಡು ತಗಲಿಸ್ತೀನಿ. ಅಂಗೈ ಅಗಲ ಇರುತ್ತೆ, ಮನೆ ಅಲ್ಲಾಡಿಸುತ್ತೆ."

"ಕ್ಷೌರದಂಗಡೀಲಿ ಮನೆ ಅಲ್ಲಾಡಿದ್ರೆ ಗಿರಾಕಿ ಮೂಗು ಎಲ್ಲಿರುತ್ತಪ್ಪ?" ಅಂದರು ಡಾಕ್ಟರು.

ಹೆಂಡತಿ ಅಂದೇ ತಂಗಿಯ ಮನೆಗೆ ಹೊರಟಿದ್ದರು. ಬಾಗಿಲಲ್ಲಿ ಚೀಲ ಕೆಳಗಿಟ್ಟು ಎರಡೂ ಪೆಟ್ಟಿಗೆಗಳ ನೆತ್ತಿ ಸವರಿದರು. "ಇದರ ಕೆಳಗೆ ಕೂತೇ ನಾನು ಮಗ್ಗಿ ಕಲಿತದ್ದು. ಹುಷಾರು ರೀ" ಎಂದಷ್ಟೇ ಹೇಳಿ ಹೋದರು. ಡಾಕ್ಟರ ಎದೆ ಮೇಲೆ ಯಾರೋ ಮೂರನೆಯ ಪೆಟ್ಟಿಗೆ ಇಟ್ಟಂತಾಯಿತು.

ಹಿಂದಿನ ಹಲಗೆ ಬಿಚ್ಚಿದಾಗ ಒಳಗೆ ಕಂಡದ್ದು ಕೂದಲು. ಗಾಳಿ ಬಿಡಲೆಂದು ಇದ್ದ ತೂತಿನಿಂದ ವರ್ಷಗಟ್ಟಲೆ ಒಳಗೆ ಹೋಗಿ ನೆಲೆಸಿದ ಊರವರ ಕೂದಲು. ತಳದಲ್ಲಿ ಅಜ್ಜಂದಿರು, ನಡುವೆ ಅಪ್ಪಂದಿರು, ಮೇಲ್ಪದರದಲ್ಲಿ ಮೊಮ್ಮಕ್ಕಳು. ಗೋಣಿಚೀಲ ತುಂಬಿಸಿದ ಮೇಲೂ ಒಂದು ದಿಂಬಿಗಾಗುವಷ್ಟು ಮಿಕ್ಕಿತು. ನಡುವಿನ ಪದರದಲ್ಲಿ ಕಡುಕಪ್ಪು ಗುಂಗುರೊಂದು ಸಿಕ್ಕಾಗ ಡಾಕ್ಟರು ಕನ್ನಡಕ ಮೇಲೇರಿಸಿದರು. ಪ್ರಾಯದಲ್ಲಿ ಅವರು ಆ ಅಂಗಡಿಗೆ ಎಡತಾಕುತ್ತಿದ್ದುದು ಕ್ಷೌರಕ್ಕಾಗಿ ಅಲ್ಲ, ಸ್ಪೀಕರಿನ ಕೆಳಗೆ ಸ್ಟೂಲಿನ ಮೇಲೆ ಕೂತು ಓದುತ್ತಿದ್ದ ಹುಡುಗಿಗಾಗಿ. ಹೋದಾಗಲೆಲ್ಲ ತಲೆ ಕೊಡಲೇಬೇಕಲ್ಲ. ಕೊನೆಗೆ ಆಕೆಯ ಅಪ್ಪನೇ, "ಇನ್ನೇನು ಕತ್ತರಿಸ್ಲಿ ಮಗಾ, ಕಿವಿ ಎರಡೇ ಉಳಿದಿರೋದು. ಒಳಗೆ ಬಂದು ಮಾತಾಡು" ಅಂದಿದ್ದರು. ಡಾಕ್ಟರು ತಮ್ಮ ಬೋಳುತಲೆ ಸವರಿಕೊಂಡು ಆ ಗುಂಗುರನ್ನು, "ಇಲ್ಲಿ ಅಡಗಿದ್ದೀಯೇನೋ ಮಹರಾಯ" ಎಂದು ಮಾತಾಡಿಸಿದರು.

ಆಮೇಲೆ ಶುರುವಾಯಿತು ಕೆಲಸ. ಡಾಕ್ಟರದೊಂದು ಕಟ್ಟುನಿಟ್ಟು: ಜೋಡಿ ಎಂದರೆ ಜೋಡಿ. ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದಕ್ಕೂ, ಅದೇ ದಿನ, ಅದೇ ಕೈಯಿಂದ. ದಪ್ಪ ದನಿಯ ದೊಡ್ಡ ಬಾಯಿ, ಅಂದರೆ ವೂಫರು, ಅದರ ಸುತ್ತಲಿನ ಸ್ಪಂಜಿನ ಉಂಗುರ ಮುಟ್ಟಿದರೆ ಜಿಗುಟು ಪುಡಿಯಾಗುತ್ತಿತ್ತು. ಅದನ್ನು ಹೆರೆದು ಹೊಸ ಉಂಗುರ ಕೂರಿಸಿದರು. ಅಂಟು ಒಣಗುವವರೆಗೆ ಕೋನ್, ಅಂದರೆ ನಡುವಿನ ಕಾಗದದ ಬಟ್ಟಲು, ಅತ್ತಿತ್ತ ವಾಲಬಾರದೆಂದು ಒಳಗಿನ ಕಾಯಿಲಿನ, ಆ ತಂತಿಸುರುಳಿಯ, ಸುತ್ತ ಹಳೆಯ ಫಿಲ್ಮಿನ ಪಟ್ಟಿಗಳನ್ನು ಸಿಕ್ಕಿಸಿದರು. ಒಣಗಿದ ಮೇಲೆ ಪಟ್ಟಿ ಎಳೆದು, ಹತ್ತು ಬೆರಳಿನಿಂದ ಕೋನನ್ನು ಒತ್ತಿ ಬಿಟ್ಟರು. ಎಲ್ಲಾದರೂ ಕೂದಲೆಳೆಯಷ್ಟು ಉಜ್ಜಿದರೂ ಅವರ ಬೆರಳು ಹೇಳಿಬಿಡುತ್ತದೆ. ಉಜ್ಜಲಿಲ್ಲ. ಟಾರ್ಚಿನ ಸೆಲ್ಲು ತಾಗಿಸಿದಾಗ ಎರಡೂ ಬಾಯಿ ಒಟ್ಟಿಗೇ ಮುಂದಕ್ಕೆ ನೆಗೆದವು. ಹಾಗೆ ನೆಗೆದರೆ ತಂತಿ ತಲೆಕೆಳಗಾಗಿಲ್ಲ ಎಂದರ್ಥ.

ಬರೀ ರಿಪೇರಿಗೆ ಡಾಕ್ಟರು ನಿಲ್ಲುವವರಲ್ಲ. ಒಣಗಿ ಸತ್ತಿದ್ದ ಕಂಡೆನ್ಸರುಗಳನ್ನು ಕಿತ್ತು ಒಳ್ಳೆಯ ಜಾತಿಯವನ್ನು ಬೆಸೆದರು. ಪೆಟ್ಟಿಗೆ ನಡುಗದಂತೆ ಒಳಗೆ ಅಡ್ಡಪಟ್ಟಿ ಕೊಟ್ಟರು. ಕೂದಲಿದ್ದ ಜಾಗಕ್ಕೆ ದಪ್ಪ ಫೆಲ್ಟ್ ಹೊದಿಸಿದರು. ಸಣ್ಣ ದನಿಯ ಪುಟ್ಟ ಬಾಯಿಗಳು, ಟ್ವೀಟರುಗಳು, ಎರಡೂ ಸುಟ್ಟಿದ್ದವು. ಅವುಗಳ ಬದಲು ರೇಷ್ಮೆ ಬಟ್ಟೆಯ ಪುಟ್ಟ ಗುಮ್ಮಟವಿದ್ದ ಹೊಸ ಟ್ವೀಟರು ಹಾಕಿ, ಅವನ್ನು ಹೆಚ್ಚು ಕಡಿಮೆ ಮಾಡಲು ಎರಡೂ ಪೆಟ್ಟಿಗೆಗಳ ಬೆನ್ನಿಗೆ ಒಂದೊಂದು ತಿರುಪು, ಅಂದರೆ ನಾಬ್, ಇಟ್ಟರು. ಹೊರಮೈಗೆ ಎಣ್ಣೆ ಉಜ್ಜಿದಾಗ ಆ ಮರ ಎಷ್ಟು ಹೊಳೆಯಿತೆಂದರೆ ಡಾಕ್ಟರು ಅದರಲ್ಲೇ ಮುಖ ನೋಡಿಕೊಂಡು ಗಡ್ಡ ಹೆರೆದುಕೊಂಡರು.

ಕೊನೆಗೆ ಹದ ಮಾಡುವ ಹೊತ್ತು. ತಾಳದ ಸದ್ದು ಧಾರಾಳವಾಗಿದ್ದ ಹಳೆಯ ರೆಕಾರ್ಡೊಂದನ್ನು ಹಾಕಿ, ತಾಳ ತಮ್ಮ ಪ್ರಾಯದ ದಿನಗಳಲ್ಲಿ ಕೇಳಿದಂತೆ ಝಣ್ ಎನ್ನುವವರೆಗೆ ನಾಬ್ ತಿರುಗಿಸಿದರು. ಬಹಳವೇ ತಿರುಗಿಸಬೇಕಾಯಿತು. ಗೋಡೆಯಾಚೆಯಿಂದ ಯಾರೂ ಕೂಗಲಿಲ್ಲ. ಇಷ್ಟು ನೆಮ್ಮದಿಯಾಗಿ ಒಂದು ಜೋಡಿಯನ್ನು ಹದಕ್ಕೆ ತಂದದ್ದು ಜೀವಮಾನದಲ್ಲೇ ಮೊದಲೆಂದು ಒಂದು ಬಿಸ್ಕತ್ತನ್ನೂ ಸಡಗರದಿಂದ ಸದ್ದು ಮಾಡಿಕೊಂಡೇ ತಿಂದರು.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಪೆಟ್ಟಿಗೆಗಳು ತಮ್ಮ ಹಳೆಯ ಹಲಗೆ ಏರಿದವು. ಕುರ್ಚಿಯಲ್ಲಿ ಮೀಸೆ ಅಜ್ಜ ಕೂತಿದ್ದರು. ಆ ಮೀಸೆ ಎಂಥದೆಂದರೆ ಅಜ್ಜ ಬರುವುದಕ್ಕೂ ಮುಂಚೆ ಅದು ಬಂದು ಜಾಗ ಹಿಡಿಯುತ್ತಿತ್ತು. ಹಾಡು ಶುರುವಾಯಿತು. ತಾಳದ ಮೊದಲ ಹೊಡೆತಕ್ಕೇ ಬೆಂಚಿನ ಕೆಳಗಿನ ನಾಯಿ ಬಾಲ ಮುದುರಿಕೊಂಡು ಬೀದಿ ದಾಟಿತು. ಕಾಯುತ್ತಿದ್ದವರೆಲ್ಲ ಹುಳಿ ತಿಂದವರಂತೆ ಮುಖ ಸಿಂಡರಿಸಿದರು. ಮೀಸೆಯ ಎರಡು ತುದಿಯೂ ನೆಟ್ಟಗೆ ನಿಂತುಬಿಟ್ಟವು.

"ತಟ್ಟೆ ಮೇಲೆ ಮೊಳೆ ಎಳೆದ ಹಾಗಿದೆಯಲ್ರಯ್ಯ! ಹಲ್ಲೆಲ್ಲ ಜುಮ್ ಅಂತಿದೆ!" ಅಂದರು ಅಜ್ಜ. ಅವರ ಬಾಯಲ್ಲಿ ಇದ್ದದ್ದು ಕಟ್ಟಿಸಿದ ಹಲ್ಲು.

ಕ್ಷೌರಿಕರ ಕೈ ಅಲ್ಲೇ ನಿಂತಿತ್ತು. "ಭಾವ, ನನ್ನ ಕತ್ತರಿ ನನಗೇ ಕೇಳಿಸ್ತಿಲ್ಲ. ಕತ್ತರಿ ಕೇಳಿಸದೆ ಕೈ ಓಡಲ್ಲ ನಂಗೆ."

"ಚೆನ್ನಾಗೇ ಇದೆಯಲ್ಲ?" ಅಂದರು ಡಾಕ್ಟರು. ಅವರಿಗೆ ನಿಜವಾಗಿಯೂ ಚೆನ್ನಾಗಿತ್ತು.

ಮಗ ಹಾಡು ನಿಲ್ಲಿಸಿ ತಿರುಗಿ ನೋಡಿದ. "ಮಾವ, ನಿಮಗೆ ಕೇಳಿಸ್ತಿಲ್ವಾ?"

ಹುಡುಗ ಸಹಜವಾಗಿಯೇ ಕೇಳಿದ್ದು. ಡಾಕ್ಟರು ಮಾತ್ರ ಥಟ್ಟನೆ ಗೋಡೆಯ ಕಡೆ ತಿರುಗಿದರು. "ಅದು... ಹೊಸ ಬಣ್ಣ. ಗೋಡೆ ಇನ್ನೂ ಒಣಗಿಲ್ಲ ನೋಡು" ಎಂದು ಏನೋ ಒಂದು ಹೇಳಿ, ಪೆಟ್ಟಿಗೆಗಳನ್ನು ಮತ್ತೆ ಗಾಡಿಗೆ ಏರಿಸಿದರು.

"ನಾಳೆ ತಂಗಿ ನಿಮ್ಮನೆಗೆ ವಾಪಸ್ ಬರ್ತಾಳಲ್ಲ" ಅಂದರು ಕ್ಷೌರಿಕರು, ಸಮಾಧಾನದ ದನಿಯಲ್ಲಿ. "ಅಪ್ಪನ ಅಂಗಡಿ ದನಿ ಅವಳಿಗೆ ಗೊತ್ತು. ಅವಳು ಹೂಂ ಅಂದ್ರೆ ತನ್ನಿ. ಇಲ್ದಿದ್ರೆ ಇವನ ಇಷ್ಟದ ಹಾಗೇ ಆಗ್ಲಿ ಬಿಡಿ."

ಮನೆಗೆ ಬಂದು ಡಾಕ್ಟರು ಸ್ಟೂಲಿನ ಮೇಲೆ ಕುಸಿದರು. ಕಿವಿ ಕೈಕೊಟ್ಟದ್ದು ನಿನ್ನೆ ಮೊನ್ನೆಯಲ್ಲ, ಎಷ್ಟೋ ಕಾಲವಾಯಿತು. ಈ ಕಿವಿಯಿಂದಲೇ ಎಷ್ಟು ಜೋಡಿ ಹೊರಗೆ ಹೋಗಿಲ್ಲ! ಒಬ್ಬ ಗಿರಾಕಿಯೂ ಹೀಗೆ ಮುಖ ಹಿಂಡಿದ್ದಿಲ್ಲ. ಹೊಗಳಿದ್ದೇ ಹೊಗಳಿದ್ದು. ಈ ಸಲ ಏನು ಬೇರೆಯಾಯಿತು? ಉಂಗುರ ಸರಿ, ಕಂಡೆನ್ಸರು ಸರಿ, ತಂತಿ ಸರಿ. ಯೋಚಿಸುತ್ತ ಕಣ್ಣು ಗೋಡೆಯ ಮೇಲೆ ಹೋಯಿತು. ಗೋಡೆ ಸುಮ್ಮನಿತ್ತು. ಅದರಾಚೆ ಅಡುಗೆಮನೆ ಖಾಲಿಯಾಗಿತ್ತು. ಡಾಕ್ಟರು ನಾಬ್ ಮುಟ್ಟದೆ, ಎರಡೂ ಪೆಟ್ಟಿಗೆಗಳನ್ನು ಆ ಗೋಡೆಯ ಕಡೆಗೆ ತಿರುಗಿಸಿಟ್ಟರು.

ಮರುದಿನ ಹೆಂಡತಿ ಬಂದು, ಸೆರಗು ಸಿಕ್ಕಿಸಿ ಒಲೆ ಹಚ್ಚಿದ್ದರೋ ಇಲ್ಲವೋ, ಡಾಕ್ಟರು ರೆಕಾರ್ಡು ಹಾಕಿದರು.

"ಅಯ್ಯಪ್ಪ! ಕಡಿಮೆ ಮಾಡ್ರೀ!"

ಡಾಕ್ಟರು ನಾಬಿನ ಮೇಲೆ ಕೈಯಿಟ್ಟು, ಮದುವೆಯಾದಂದಿನಿಂದ ಒಮ್ಮೆಯೂ ಕೇಳದಿದ್ದ ಪ್ರಶ್ನೆ ಕೇಳಿದರು. "ಯಾವುದನ್ನ?"

ಒಳಗೆ ಸೌಟಿನ ಸದ್ದು ನಿಂತಿತು. ಆಕೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ಏನಂದ್ರಿ?"

"ಯಾವುದನ್ನ ಕಡಿಮೆ ಮಾಡ್ಲಿ ಅಂದೆ. ನನಗೆ ತಿಳೀತಿಲ್ಲ ಕಣೆ."

"ಆ ಸೂಜಿ ದನಿ. ದಪ್ಪದ್ದು ಮುಟ್ಟಬೇಡಿ, ಅಪ್ಪನ ಕಾಲದಲ್ಲೂ ಇಷ್ಟು ಚೆನ್ನಾಗಿರ್ಲಿಲ್ಲ. ಎಡಗಡೇದು ಇನ್ನೂ ಜಾಸ್ತಿ ಚುಚ್ಚುತ್ತೆ."

"ಸೂಜಿ ನನಗೆ ಕೇಳ್ಸೋದೇ ಇಲ್ಲ. ಕಿವಿ ಹೋಗಿದೆ." ಹೇಳಿ ಡಾಕ್ಟರು ತಲೆ ತಗ್ಗಿಸಿದರು.

"ಹೊಸ ಸುದ್ದಿ ಏನಾದ್ರೂ ಇದ್ರೆ ಹೇಳಿ. ಅಲಾರಂ ಕೀಂಯ್ ಕೀಂಯ್ ಅಂತ ಬಡ್ಕೊಳ್ತಿದ್ರೂ ಪಕ್ಕದಲ್ಲೇ ಕೂತು ಪೇಪರ್ ಓದ್ತೀರ. ಇಷ್ಟು ವರ್ಷ ಗಂಟಲು ಹರ್ಕೊಂಡು ಕೂಗಿದ್ದು ಯಾಕೆ ಅಂದ್ಕೊಂಡ್ರಿ? ನನಗೇನು ಕೂಗೋ ಚಟವಾ?"

"ಚಟ ಅಂತಲೇ ಅಂದ್ಕೊಂಡಿದ್ದೆ."

"ಅಂದ್ಕೋತೀರ, ಅಂದ್ಕೋತೀರ." ಆಕೆ ಒಳಗೆ ಹೋಗಿ ಬಟ್ಟೆ ಕತ್ತರಿ ಹಿಡಿದು ಬಂದರು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.

"ಹೆದರಬೇಡಿ. ಅಪ್ಪ ಹೀಗೇ ಹದ ಮಾಡ್ತಿದ್ದದ್ದು. ಹಾಡು ಹಾಕ್ಕೊಂಡು ಗಾಳೀಲಿ ಕತ್ತರಿ ಆಡಿಸೋರು. ಕತ್ತರಿ ಚಕ್ ಚಕ್ ಅನ್ನೋದು ಹಾಡಿನ ಒಳಗಿಂದ ಬಿಡಿಯಾಗಿ ಕೇಳ್ಬೇಕು. ನಾನು ಆಡಿಸ್ತೀನಿ, ನೀವು ತಿರುಗಿಸಿ."

ಹಾಗೆ ಶುರುವಾಯಿತು. ಸ್ಟೂಲಿನ ಮೇಲೆ ಕೂತು ಆಕೆ ಕಣ್ಣು ಮುಚ್ಚಿ ಗಾಳಿಯ ಕ್ಷೌರ ಮಾಡಿದರು. ಡಾಕ್ಟರು ಎರಡು ಪೆಟ್ಟಿಗೆಗಳ ಹಿಂದೆ ಅತ್ತಿಂದಿತ್ತ ಮಂಡಿಯೂರಿ ತೆವಳಿದರು. "ಇನ್ನೂ. ಇನ್ನೂ. ಅಯ್ಯೋ ಜಾಸ್ತಿಯಾಯ್ತು, ಸತ್ತೇಹೋಯ್ತು, ಜೀವ ಕೊಡಿ. ಹಾಂ. ಎಡಗಡೆ ಒಂದು ಚೂರು... ಉಗುರಷ್ಟು ಅಲ್ಲ ರೀ, ಉಗುರಿನ ಕೊಳೆಯಷ್ಟು!" ಒಲೆಯ ಮೇಲಿನದು ತಳ ಹಿಡಿಯಿತು. ಆ ಸದ್ದೊಂದು ಮಾತ್ರ ಆಕೆಗೆ ಅಂದು ಕೇಳಿಸಲಿಲ್ಲ.

ಅಂಗಡಿಗೆ ಈ ಸಲ ಇಬ್ಬರೂ ಹೋದರು. ಹಾಡು ಶುರುವಾದಾಗ ಕ್ಷೌರಿಕರ ಕತ್ತರಿ ತಡವರಿಸಲಿಲ್ಲ. ಹಾಡಿನ ಜೊತೆ ತಾನೂ ಒಂದು ವಾದ್ಯದಂತೆ ನಡೆಯಿತು. ಅರ್ಧ ಉಳಿದಿದ್ದ ಕೆಲಸ ಮುಗಿಸಲು ಬಂದಿದ್ದ ಮೀಸೆ ಅಜ್ಜ ಕುರ್ಚಿಯಲ್ಲೇ ನಿದ್ದೆಹೋದರು. ಅವರ ಗೊರಕೆಯನ್ನೂ ಆ ಜೋಡಿ ಮರ್ಯಾದೆಯಿಂದ ಜೊತೆಗೆ ಸೇರಿಸಿಕೊಂಡಿತು.

"ಏನು ಮಾಡಿದ್ರಿ ಮಾವ?" ಅಂದ ಮಗ. ಅವನ ಕಾಲು ಅವನಿಗೆ ತಿಳಿಯದೆಯೇ ತಾಳ ಹಾಕುತ್ತಿತ್ತು.

ಡಾಕ್ಟರು ಒಮ್ಮೆ ಸುತ್ತ ನೋಡಿದರು. ಬೆಂಚಿನ ತುಂಬ ಅವರ ಗಿರಾಕಿಗಳೇ. "ನನಗೆ ಸಣ್ಣ ದನಿ ಕೇಳ್ಸಲ್ಲಪ್ಪ, ಬಹಳ ದಿನವಾಯ್ತು. ಕೈ ನಂದು, ಕಿವಿ ನಿಮ್ಮತ್ತೇದು. ನಿಮ್ಮೆಲ್ಲರ ಪೆಟ್ಟಿಗೆಗೂ ಅಷ್ಟೇ."

ಯಾರೂ ಎದ್ದು ಹೋಗಲಿಲ್ಲ. ಎಚ್ಚರಗೊಂಡ ಅಜ್ಜ ಮಾತ್ರ ಚಿಂತೆಯಿಂದ ಮೀಸೆ ತೀಡಿದರು. "ನಮ್ಮನೇಲೂ ದಿನಾ ಕೂಗ್ತಾಳಲ್ಲ. ಅದ್ರಲ್ಲೂ ಏನಾದ್ರೂ ಅರ್ಥ ಇತ್ತೋ ಏನೋ, ಹೋಗಿ ಕೇಳ್ಬೇಕು." ಆಮೇಲೆ ಡಾಕ್ಟರ ಹೆಂಡತಿಯ ಕಡೆ ತಿರುಗಿ, "ತಾಯಿ, ನನ್ನ ರೇಡಿಯೋ ಕೀರಲು ದನಿ ಬಿಡುತ್ತೆ. ನಾಳೆ ತರ್ಲಾ?" ಅಂದರು.

"ತನ್ನಿ. ಮಧ್ಯಾಹ್ನದ ಮೇಲೆ ತನ್ನಿ, ಬೆಳಿಗ್ಗೆ ಅಡುಗೆ ಇರುತ್ತೆ" ಅಂದರು ಆಕೆ, ಜನ್ಮವಿಡೀ ಇದೇ ಕಸುಬು ಮಾಡಿದವರಂತೆ. ಮಾಡಿದ್ದೂ ಅದನ್ನೇ.

ಕ್ಷೌರಿಕರು ಖಾಲಿಯಾದ ಕುರ್ಚಿಗೆ ಬಟ್ಟೆ ಬಡಿದರು. "ಬನ್ನಿ ಭಾವ, ಕೂತ್ಕೊಳ್ಳಿ."

"ನನ್ನ ತಲೇಲಿ ಏನಿದೆ ಅಂತ ಕತ್ತರಿಸ್ತೀರ?"

"ಇದ್ದದ್ದನ್ನೆಲ್ಲ ಪೆಟ್ಟಿಗೇಲಿ ಬಚ್ಚಿಟ್ಟಿದ್ರಂತಲ್ಲ, ತಂಗಿ ಹೇಳಿದ್ಲು. ಸುಮ್ನೆ ಕೂತ್ಕೊಳ್ಳಿ ಅಂದ್ರೆ."

ಡಾಕ್ಟರು ಕೂತರು. ಬೋಳುತಲೆಯ ಮೇಲೆ ಕತ್ತರಿ ಗಾಳಿಯಲ್ಲಿ ಆಡತೊಡಗಿತು. ದಪ್ಪ ದನಿ ಕುರ್ಚಿಯ ಕೈಯಿಂದ ಬೆರಳಿಗೆ ಹರಿದು ಬಂತು. ಕತ್ತರಿಯದು ಮಾತ್ರ ಒಂದು ಚೂರೂ ಬರಲಿಲ್ಲ. ಅವರು ಕನ್ನಡಿಯಲ್ಲಿ ನೋಡಿದರು. ಹೆಂಡತಿ ಸ್ಪೀಕರಿನ ಕೆಳಗೆ ಅದೇ ಹಳೆಯ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಸಣ್ಣಗೆ ತಲೆದೂಗುತ್ತಿದ್ದರು. ಆ ತಲೆಯ ಲಯ ಹಿಡಿದು ಡಾಕ್ಟರು ಕತ್ತರಿಯನ್ನೂ ತಾಳವನ್ನೂ ಕೇಳಿಸಿಕೊಂಡರು.

ಸ್ವಲ್ಪ ಹೊತ್ತಿಗೆ ಆಕೆ ಒಂದು ಕಣ್ಣು ತೆರೆದು, ಕನ್ನಡಿಯಲ್ಲೇ ಗಂಡನ ಮುಖ ಹುಡುಕಿ, ಅಂಗೈಯನ್ನು ತುಸು ಕೆಳಕ್ಕೆ ಒತ್ತಿದರು. ಎಡಗಡೆ.

ಡಾಕ್ಟರು ಕೊರಳ ಬಟ್ಟೆಯ ಸಮೇತ ಎದ್ದು ಹೋಗಿ, ಉಗುರಿನ ಕೊಳೆಯಷ್ಟು ತಿರುಗಿಸಿ, ಮತ್ತೆ ಬಂದು ಕೂತರು.