ಮಾತು ನಿಂತರೆ ಜೀಪು ತಿರುಗುತ್ತದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಡುದಾರಿಯ ಆಸ್ಪತ್ರೆಯ ಅಂಗಳದಲ್ಲಿ ನಿಧಾನಕ್ಕ ಜೀಪಿನ ಗಾಜಿಗೆ ಅಂಟಿದ ಮಂಜು ಕೆರೆಯುತ್ತಿದ್ದಾರೆ. ಜೀಪನ್ನು ನಿಧಾನವಾಗಿ ಓಡಿಸುತ್ತಾರೆಂದು ಬಿದ್ದ ಹೆಸರು ಅದು, ಹೆತ್ತವರು ಇಟ್ಟದ್ದು ಬೇರೆಯಂತೆ. ಆ ಹೆಸರು ಹಿಡಿದು ಕೂಗಿದರೆ ಈಗ ಅವರೇ ತಿರುಗಿ ನೋಡುವುದಿಲ್ಲ. ಸೀಟಿನ ಕೆಳಗೆ ಆಮ್ಲಜನಕದ ಸಿಲಿಂಡರ್, ಬಾಗಿಲ ಬಳಿ ಬಿಸಿನೀರಿನ ಫ್ಲಾಸ್ಕು, ಮುಂದಿನ ಸೀಟಿನಲ್ಲಿ ಎರಡು ದಿಂಬು. "ದಿಂಬು ಮುಟ್ಟಬೇಡಿ ಸಾರ್, ಅದು ಬಸುರಿಯರಿಗೆ. ನೀವು ಹಿಂದೆ ಕೂತ್ಕೊಳ್ಳಿ," ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಸ್ಟೆಪ್ನಿಯ ಪಕ್ಕಕ್ಕೆ ಅಟ್ಟುತ್ತಾರೆ. ಹೊಟ್ಟೆಯೇನೋ ನನಗೂ ಇದೆ, ಲೆಕ್ಕಕ್ಕಿಲ್ಲ ಅಷ್ಟೆ.

ಬೆಟ್ಟದ ತುದಿಯ ಊರಿಗೆ ಗರ್ಭಿಣಿಯರನ್ನು ಹತ್ತಿಸಿಕೊಳ್ಳಲು ಉಳಿದ ಚಾಲಕರು ಹಿಂದೇಟು ಹಾಕುತ್ತಾರೆ. ಮೇಲೆ ಗಾಳಿ ತೆಳು, ಎರಡು ಜೀವದ ಉಸಿರಿನ ಪ್ರಶ್ನೆ. ನಿಧಾನಕ್ಕ ಹತ್ತಿಸಿಕೊಳ್ಳುತ್ತಾರೆ, ಆದರೆ ಡಾಕ್ಟರು ಒಪ್ಪಿದವರನ್ನು ಮಾತ್ರ. ಈ ಆಸ್ಪತ್ರೆಯ ನರ್ಸ್ ನಿಧಾನಕ್ಕನ ನಾದಿನಿಯೇ. ಬಸುರಿಯರು ಅವಳ ಮನೆಯಲ್ಲಿ ಎರಡು ರಾತ್ರಿ ತಂಗಿ, ಮೈ ಒಗ್ಗಿದ ಮೇಲೆಯೇ ಮುಂದಿನ ಪಯಣ. "ಒಂದೇ ಓಟಕ್ಕೆ ಮೇಲೆ ಹತ್ತಿಸಿದ್ರೆ ನಾದಿನಿ ನನ್ನ ಚರ್ಮ ಸುಲೀತಾಳೆ," ಎಂದು ನಗುತ್ತಾರೆ.

ಹೆಂಗಸು ಜೀಪು ಓಡಿಸುತ್ತಾಳೆಂದು ಮೊದಲ ವರ್ಷ ಯಾರೂ ಹತ್ತಲಿಲ್ಲವಂತೆ. ಸ್ಟಿಯರಿಂಗ್ ಹಿಂದೆ ಇವರನ್ನು ಕಂಡವರು ಚೀಲ ಸಮೇತ ಇಳಿದು ಹೋಗುತ್ತಿದ್ದರು. "ಆಲೂಗಡ್ಡೆ ಮಾತ್ರ ನನ್ನ ನಂಬಿ ಹತ್ತಿತ್ತು ಸಾರ್. ಅದಕ್ಕೆ ಬಾಯಿಲ್ಲವಲ್ಲ!"

ಇವತ್ತಿನ ಪ್ರಯಾಣಿಕಳು ಆರು ತಿಂಗಳ ಬಸುರಿ, ಬಟ್ಟೆ ಹೊಲಿಯುವವಳು. ಗಂಡ ಮೇಲಿನ ಊರಲ್ಲಿ ರಸ್ತೆಯ ಹಿಮ ತೆಗೆಯುವ ಯಂತ್ರ ಓಡಿಸುತ್ತಾನೆ. ಇನ್ನೇನು ದಾರಿ ಮುಚ್ಚುವ ಕಾಲ. ಈಗ ನೋಡದಿದ್ದರೆ ಮಗು ಹುಟ್ಟಿದ ಮೇಲೆಯೇ ಅವನ ಮುಖ. ಪಾಪ, ಅವನಿಗೆಂದು ಹೊಲಿದ ದಪ್ಪ ಕೋಟನ್ನು ಎದೆಗವಚಿಕೊಂಡೇ ಕೂತಿದ್ದಾಳೆ.

ಜೀಪು ಹೊರಡುವ ಮುನ್ನ ನಿಧಾನಕ್ಕನದು ಒಂದೇ ಪ್ರಶ್ನೆ: "ತಂಗಿ, ಮನೇಲಿ ನೀನು ಮಾತು ಜಾಸ್ತಿಯೋ ಕಮ್ಮಿಯೋ?"

ಹತ್ತುವ ದಾರಿಯುದ್ದಕ್ಕೂ ಪ್ರಯಾಣಿಕಳು ಮಾತಾಡುತ್ತಲೇ ಇರಬೇಕು. ಅತ್ತೆಯನ್ನು ಬೈದರೂ ಸರಿ. ಮಾತು ತುಂಡಾದರೆ ಉಸಿರು ಸಾಲುತ್ತಿಲ್ಲ ಎಂದರ್ಥ. ಮೊದಲೆಲ್ಲ ಈ ಪ್ರಶ್ನೆ ಇರಲಿಲ್ಲ. ಹಾಗಾಗಿ ಹುಟ್ಟಾ ಮೌನಗೌರಿಯೊಬ್ಬಳನ್ನು ಗಾಬರಿಯಿಂದ ವಾಪಸ್ ಇಳಿಸಿಬಿಟ್ಟರು. "ಕೆಳಗೆ ಬಂದ ಮೇಲೆ ಬಾಯಿ ಬಿಟ್ಟಳು ನೋಡಿ, 'ಯಾಕಕ್ಕ ತಿರುಗಿಸಿದ್ರಿ, ಬೆಟ್ಟ ಎಷ್ಟು ಚೆನ್ನಾಗಿತ್ತು' ಅಂತ!" ನಿಧಾನಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ನಮ್ಮ ದರ್ಜಿಗೆ ಆ ಕೊರತೆಯಿಲ್ಲ. ಒಂದು ಅಂಗಿಯ ಬಟ್ಟೆ ತಂದು ಎರಡು ಹೊಲಿ ಎನ್ನುವ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಜಾಲಾಡುತ್ತಾಳೆ; ನನ್ನ ಕಿವಿ ತೂತು ಬೀಳುವುದೊಂದು ಬಾಕಿ. ಮೇಲಿನ ಊರಿನ ತಗಡಿನ ಮಾಡುಗಳು ಕಣ್ಣಿಗೆ ಬೀಳುತ್ತವೆ. ಅಷ್ಟರಲ್ಲಿ, "ಆ ಮಹಾರಾಯ ಏನಂದ ಗೊತ್ತಾ..." ಎಂದವಳು ಸುಮ್ಮನಾಗುತ್ತಾಳೆ.

ಜೀಪು ನಿಲ್ಲುತ್ತದೆ. "ತಲೆ ನೋಯ್ತಿದೆಯಾ?"

"ಇಲ್ಲಕ್ಕ... ಏನಿಲ್ಲ. ಹೋಗೋಣ."

"ನನ್ನ ಕಣ್ಣು ನೋಡಿ ಹೇಳು."

ಅವಳು ಕೋಟಿನಲ್ಲಿ ಮುಖ ಹುದುಗಿಸಿ ಅಳುತ್ತಾಳೆ. "ಅಲ್ಲೇ ಕಾಣ್ತಿದೆಯಲ್ಲಕ್ಕ ಊರು!" ಇನ್ನೆರಡು ತಿರುವು ತಾನೆ, ಎಂದು ನಾನೂ ಬಾಯಿ ಹಾಕಿ ಬೈಸಿಕೊಳ್ಳುತ್ತೇನೆ. ನಿಧಾನಕ್ಕ ಆಮ್ಲಜನಕದ ಕೊಳವೆ ಹಚ್ಚಿ, ಜೀಪು ತಿರುಗಿಸಿ, ಇಳಿಯತೊಡಗುತ್ತಾರೆ. ಎದುರು ಸಿಕ್ಕ ಲಾರಿಯವನಿಗೆ ಒಂದು ಮಾತು: "ಮೇಲೆ ಹಿಮದ ಯಂತ್ರದವನಿಗೆ ಹೇಳಪ್ಪಾ, ಹೆಂಡತಿ ನಡುದಾರಿಯಲ್ಲಿದ್ದಾಳೆ ಅಂತ."

ನಾದಿನಿ ಪರೀಕ್ಷಿಸಿ, ತಾಯಿ ಮಗು ಇಬ್ಬರೂ ಕ್ಷೇಮ, ಇನ್ನು ಮೇಲೆ ಹತ್ತುವಂತಿಲ್ಲ ಎನ್ನುತ್ತಾಳೆ. ಮಧ್ಯಾಹ್ನಕ್ಕೆ ತಲೆನೋವೂ ಇಳಿಯುತ್ತದೆ, ಮುನಿಸಿಗೆ ಮುಖ ಮಾತ್ರ ಊದಿಕೊಂಡೇ ಇದೆ. ನಿಧಾನಕ್ಕನ ಜೊತೆ ಟೂ ಬಿಟ್ಟಿದ್ದಾಳೆ.

ಸಂಜೆ ರಸ್ತೆಯಲ್ಲಿ ಗಡಗಡ ಸದ್ದು. ಕಲ್ಲು ಬಿದ್ದಿದೆ, ತೆಗೆದು ಬಾ ಎಂದು ಗಂಡನನ್ನು ಅವನ ಮೇಸ್ತ್ರಿಯೇ ನೆಪ ಹೇಳಿ ಕಳಿಸಿದ್ದಾನಂತೆ. ಹಳದಿ ಯಂತ್ರ ಇರುವೆಯೂ ನಾಚುವಂತೆ ತೆವಳುತ್ತಾ ಬರುತ್ತದೆ. "ಅಯ್ಯೋ, ನನಗಿಂತ ನಿಧಾನದವನನ್ನ ಇವತ್ತೇ ಕಂಡೆ!" ಎಂದು ನಿಧಾನಕ್ಕ ಚಪ್ಪಾಳೆ ತಟ್ಟುತ್ತಾರೆ. ಗಂಡ ಇಳಿದದ್ದೇ ತಡ, "ಏನ್ರೀ, ಇಷ್ಟು ಸೊರಗಿದ್ದೀರಾ? ಕೋಟು ದೊಡ್ಡದಾಗುತ್ತಲ್ರೀ!" ಎಂದು ಹೆಂಡತಿ ಶುರು ಹಚ್ಚಿಕೊಳ್ಳುತ್ತಾಳೆ. ಅವನು ಕೋಟು ತೊಟ್ಟು, ನಗುತ್ತಾ ನಿಂತಿದ್ದಾನೆ.

ಜೀಪು ಒರೆಸುತ್ತಿರುವ ನಿಧಾನಕ್ಕನನ್ನು ಕೇಳುತ್ತೇನೆ: ನಿಮ್ಮ ಬಗ್ಗೆ ಏನು ಬರೆಯಲಿ?

"ಬೇರೆ ಡ್ರೈವರುಗಳು, ನನ್ನ ಗಾಡೀಲಿ ಮಗು ಹುಟ್ಟಿತು ಅಂತ ಮೀಸೆ ತಿರುವ್ತಾರೆ ಸಾರ್," ಎನ್ನುತ್ತಾ ಬಟ್ಟೆ ಹಿಂಡುತ್ತಾರೆ. "ನನ್ನ ಗಾಡೀಲಿ ಇವತ್ತಿನವರೆಗೂ ಒಂದೂ ಹುಟ್ಟಿಲ್ಲ. ಅದನ್ನೇ ಬರೀರಿ."