ಬಾಗಿಲಾಚೆ ಕೂತ ಅಮ್ಮ

ಗಂಡ ತೀರಿಹೋದ ಮೇಲೆ ಟೈಲರಮ್ಮನಿಗೆ ಲೋಕವೆಂದರೆ ಒಂದು ಹೊಲಿಗೆ ಯಂತ್ರ, ಒಬ್ಬಳು ಮಗಳು. ಮಗಳಿಗೆ ಎಳವೆಯಿಂದಲೂ ಫಿಟ್ಸ್. ಆಸ್ಪತ್ರೆಯ ಕಾಗದಕ್ಕೆಲ್ಲ ಅಮ್ಮನದೇ ಸಹಿ, ಡಾಕ್ಟರು ಏನು ಕೇಳಿದರೂ ಅಮ್ಮನದೇ ಉತ್ತರ.

ಈ ಸಲ ಸಹಾಯಧನದ ಕಚೇರಿಗೆ ಮಗಳ ಚಿಕಿತ್ಸೆಯ ದಾಖಲೆ ಕಳಿಸಬೇಕಿತ್ತು. ಒಪ್ಪಿಗೆ ಪತ್ರಕ್ಕೆ ಟೈಲರಮ್ಮ ಪೆನ್ನು ತೆಗೆದರೆ, ದಾಖಲೆ ಕೋಣೆಯ ಗುಮಾಸ್ತೆ ತಡೆದಳು.

“ಮಗಳಿಗೆ ಹದಿನೆಂಟು ತುಂಬಿತಲ್ಲಮ್ಮ. ಇನ್ಮೇಲೆ ಅವಳೇ ಒಪ್ಪಬೇಕು. ನೀವು ಸ್ವಲ್ಪ ಹೊರಗಿರಿ.”

“ಹೆತ್ತವಳು ಹೊರಗೆ, ಕಾನೂನು ಒಳಗೆ!” ಎಂದು ಗೊಣಗುತ್ತ ಅವಳು ಮಗಳ ನೀರಿನ ಬಾಟಲಿ ಹಿಡಿದು ಬೆಂಚಿನ ಮೇಲೆ ಕೂತಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ “ಹೆಸರೇನಮ್ಮ?” ಎಂದು ಕೇಳಿದ್ದೇ ತಡ, ಹೊರಗಿನಿಂದ ಇವಳು ಮಗಳ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟಳು. ಕಾದು ಕೂತವರೆಲ್ಲ ತಿರುಗಿ ನೋಡಿದರು. ಹಾಳು ಬಾಯಿ ಎಂದು ತನ್ನನ್ನೇ ಬೈದುಕೊಂಡು ತುಟಿ ಕಚ್ಚಿದಳು.

ಸ್ವಲ್ಪ ಹೊತ್ತಿಗೆ ಮಗಳ ದನಿ ಕೇಳಿಸಿತು.

“ಎಲ್ಲಾ ಕಳಿಸಿ ಮೇಡಂ. ಅಮ್ಮನಿಗೆ ಮಾತ್ರ ತೋರಿಸಬೇಡಿ. ನಂಗೆ ರಾತ್ರಿನೂ ಫಿಟ್ಸ್ ಬರುತ್ತೆ, ಬೆಳಗ್ಗೆ ನಾಲಿಗೆ ಕಚ್ಚಿಕೊಂಡಿರ್ತೀನಿ. ಅಮ್ಮ ಔಷಧಿ ತರೋಕೆ ಹೋದಾಗ ಡಾಕ್ಟರಿಗೆ ಹೇಳಿದ್ದೆ. ಗೊತ್ತಾದ್ರೆ ಅವಳು ರಾತ್ರಿಯಿಡೀ ರೆಪ್ಪೆ ಮುಚ್ಚಲ್ಲ.”

ಮಗಳು ಹೊರಬಂದಳು.

“ಏನೇ ಕೇಳಿದ್ರು?”

“ಏನಿಲ್ಲಮ್ಮ. ಸಹಿ ಮಾಡು ಅಂದ್ರು, ಅಷ್ಟೆ.”

“ಹೂಂ,” ಎಂದು ಟೈಲರಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ಕೊಟ್ಟಳು. ಇವತ್ತಿನಿಂದ ರಾತ್ರಿ ಕಣ್ಣು ಮುಚ್ಚಿ, ನಿದ್ದೆ ಬಂದವಳಂತೆ ಮಲಗುವುದನ್ನು ಅವಳು ಕಲಿಯಬೇಕಾಗಿತ್ತು.